ನಮ್ಮನೆ ವೀ ಮತ್ತು ಅಪ್ಪನ ಸ್ಕ್ವೇರ್ ಕಟ್

ಹೋದ ತಿಂಗಳು ಟಿವಿ ಸ್ಟ್ಯಾಂಡ್ ಒರೆಸುತ್ತಿದ್ದೆ. ಮಗ ಬಂದು, "ಅಮ್ಮಾ, ಈ ಬಿಳಿ ಡಬ್ಬ ಇನ್ನೂ ಯಾಕೆ ಇಟ್ಕೊಂಡಿದ್ದೀಯ, ಗುಜರಿಗೆ ಹಾಕು" ಅಂದ. 16 ವರ್ಷದ ಹುಡುಗ, ಕೈಯಲ್ಲಿ ಅವನ ಸ್ವಿಚ್ಚು, ಅಂದರೆ ನಿಂಟೆಂಡೊ ಕಂಪನಿಯ ಕೈಲಿ ಹಿಡಿದು ಆಡೋ ವಿಡಿಯೋ ಗೇಮ್ ಯಂತ್ರ. ನನ್ನ ಮುಖ ನೋಡಿ ತಾನೇ ಒಂದು ಹೆಜ್ಜೆ ಹಿಂದೆ ಸರಿದ. ಆ ಬಿಳಿ ಡಬ್ಬ ನಿಂಟೆಂಡೊ ವೀ, ಅದೇ ಕಂಪನಿಯ ಹಳೇ ಯಂತ್ರ, ಟಿವಿಗೆ ಜೋಡಿಸಿ ಆಡೋದು. ಅವನು ಹುಟ್ಟೋಕೆ ಐದು ತಿಂಗಳು ಮುಂಚೆ ನಮ್ಮನೆಗೆ ಬಂದದ್ದು. ಲೆಕ್ಕ ಹಾಕಿದರೆ ಅವನಿಗೆ ಅಣ್ಣ ಆಗಬೇಕು. ಅಣ್ಣನನ್ನು ಯಾರಾದರೂ ಗುಜರಿಗೆ ಹಾಕ್ತಾರಾ?

ಅವತ್ತು ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. "ಅದು ಚೆನ್ನಾಗಿದೆ ಕಣೋ" ಅಂದೆ, ಅಷ್ಟೇ. ರಾತ್ರಿ ದೀಪ ಆರಿಸಿದ ಮೇಲೆ ಉತ್ತರ ಒಂದೊಂದೇ ಹೊಳೆಯಿತು, ಎಲ್ಲ ಜಗಳದಲ್ಲೂ ನನಗೆ ಹೀಗೇ ಆಗೋದು. ಆದರೆ 16 ವರ್ಷದವರು ಅಷ್ಟುದ್ದ ಕೇಳಿಸಿಕೊಳ್ಳಲ್ಲ. ನೀವು ಕೇಳಿಸಿಕೊಳ್ಳಿ.

ವೀ ಅಂದರೆ ಎಲ್ಲರೂ ಹೇಳೋದು ಒಂದೇ ಮಾತು, ಫ್ಯಾಮಿಲಿ ಕನ್ಸೋಲ್, ಅಂದರೆ ಮನೆಮಂದಿಯೆಲ್ಲ ಆಡೋ ಗೇಮ್ ಯಂತ್ರ. ರಕ್ತ ಇಲ್ಲ, ಬೈಗುಳ ಇಲ್ಲ, ಮಕ್ಕಳ ಮುಂದೆ ಧೈರ್ಯವಾಗಿ ಹಾಕಬಹುದು. ಅಷ್ಟಕ್ಕೇ ಫ್ಯಾಮಿಲಿ ಅನ್ನೋದಾದರೆ ಸುಡೊಕುನಲ್ಲೂ ರಕ್ತ ಬರಲ್ಲ. ಆದರೆ ಪಕ್ಕದವರು ಸುಡೊಕು ಬಿಡಿಸೋದನ್ನು ನೋಡೋಕೆ ಯಾರಾದರೂ ಕುರ್ಚಿ ಎಳೆದುಕೊಂಡು ಕೂರುತ್ತಾರಾ? ನನ್ನ ಲೆಕ್ಕ ಬೇರೆ. ವೀ ಹಾಕಿದಾಗ ಟಿವಿಗಿಂತ ಆಡುವವರನ್ನು ನೋಡೋದರಲ್ಲೇ ಮಜಾ ಜಾಸ್ತಿ. ಅದಕ್ಕಿಂತ ಮುಂಚೆ ಬಂದ ಯಾವ ಕನ್ಸೋಲಿನಲ್ಲೂ ನನಗೆ ಈ ಮಜಾ ಸಿಕ್ಕಿರಲಿಲ್ಲ, ಆಮೇಲೆ ಬಂದದ್ದರಲ್ಲೂ ಅಷ್ಟಾಗಿ ಸಿಕ್ಕಿಲ್ಲ.

ನಿಂಟೆಂಡೊದವರಿಗೆ ಇದು ಮೊದಲೇ ಗೊತ್ತಿತ್ತು ಅಂತ ನನಗೆ ಅನುಮಾನ. 2005ರ ಸೆಪ್ಟೆಂಬರಿನಲ್ಲಿ ಟೋಕಿಯೋ ಗೇಮ್ ಶೋನಲ್ಲಿ ಅವರ ಅಧ್ಯಕ್ಷ ಸತೋರು ಇವಾಟಾ ವೀ ಆಡೋಕೆ ಕೈಲಿ ಹಿಡಿದು ಬೀಸೋ ರಿಮೋಟನ್ನು ಮೊದಲ ಸಲ ತೋರಿಸಿದರು. ಜೊತೆಗೆ ಒಂದು ವಿಡಿಯೋ ಹಾಕಿದರು. ಅದರಲ್ಲಿ ಆಟವೇ ಕಾಣಿಸಲ್ಲ! ಕ್ಯಾಮೆರಾ ಟಿವಿ ಕಡೆಯಿಂದ ಜನರನ್ನು ನೋಡುತ್ತದೆ. ಒಬ್ಬರು ಮೀನು ಹಿಡೀತಾರೆ, ಒಬ್ಬರು ಕತ್ತಿ ಬೀಸುತ್ತಾರೆ, ಸೋಫಾ ಮೇಲೆ ಕೂತವರು ಹಾರಿ ಬೀಳುತ್ತಾರೆ. ಟಿವಿಯಲ್ಲಿ ಏನಿದೆ ಅನ್ನೋದು ನಮ್ಮ ಊಹೆಗೆ ಬಿಟ್ಟದ್ದು. ಒಂದು ಕಂಪನಿ ತನ್ನ ಹೊಸ ಯಂತ್ರವನ್ನು ಜನಕ್ಕೆ ತೋರಿಸುವಾಗ ಆಟದ ಚಿತ್ರ ಒಂದನ್ನೂ ತೋರಿಸದೆ ಇರೋದು ಅಂದರೆ ಸುಮ್ನೆ ಮಾತಾ?

ಸ್ವಲ್ಪ ಹಿಂದೆ ಹೋಗಬೇಕು. ತೊಂಬತ್ತರ ದಶಕದ ಮೈಸೂರು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಟಿವಿ ಗೇಮ್ ಇತ್ತು, ಕ್ಯಾಸೆಟ್ ಮೇಲೆ "9999 ಇನ್ 1" ಅಂತ ಬರೆದಿರುತ್ತಿತ್ತಲ್ಲ, ಆ ತರಹದ್ದು. ಒಳಗೆ ಇರುತ್ತಿದ್ದದ್ದು ಹತ್ತಿಪ್ಪತ್ತು ಆಟ, ಮಿಕ್ಕಿದ್ದೆಲ್ಲ ಅವೇ ಆಟಗಳು ಬೇರೆ ಬೇರೆ ಹೆಸರಲ್ಲಿ. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯೋ ಬಂದೂಕು. ಆ ಡಬ್ಬಗಳು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು ಅಂತ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಗೊತ್ತಿಲ್ಲದೆಯೇ ನಾನು ನಿಂಟೆಂಡೊ ಅಭಿಮಾನಿ ಆಗಿದ್ದೆ. ಫ್ಯಾಮಿಕಾಮ್ ಅನ್ನೋ ಹೆಸರಲ್ಲೇ ಫ್ಯಾಮಿಲಿ ಅಡಗಿದೆ, ಗಮನಿಸಿ.

ಆದರೆ ಅದರಲ್ಲಿ ನನ್ನ ಪಾಲು ಎಷ್ಟು? ಮಾರಿಯೋದಲ್ಲಿ ಇಬ್ಬರು ಆಡಬಹುದಿತ್ತು, ಒಟ್ಟಿಗೆ ಅಲ್ಲ, ಸರದಿ ಪ್ರಕಾರ. ಮೊದಲನೆಯವರ ಮಾರಿಯೋ ಸಾಯೋವರೆಗೆ ಎರಡನೆಯವರು ಕಾಯಬೇಕು. ಮೊದಲನೆಯವನು ಯಾವಾಗಲೂ ಅಣ್ಣ. ಅವನಿಗೆ ಆಟ ಚೆನ್ನಾಗಿ ಬರುತ್ತಿತ್ತು, ಅದೇ ನನ್ನ ಕಷ್ಟ. ನಾನು ನೆಲದ ಮೇಲೆ ಕೂತು ಅವನ ಬೆನ್ನು, ಅವನ ಹೆಬ್ಬೆರಳು ನೋಡುತ್ತಿದ್ದೆ. ಹೆಬ್ಬೆರಳಲ್ಲಿ ನೋಡೋಕೆ ಏನಿರುತ್ತೆ ಹೇಳಿ. ಅಮ್ಮ, ಚಿಕ್ಕಮ್ಮ ಆ ಕೋಣೆಗೆ ಬರುತ್ತಿದ್ದದ್ದು "ಸಾಕು, ಧಾರಾವಾಹಿ ಟೈಮಾಯ್ತು" ಅನ್ನೋಕೆ ಮಾತ್ರ.

ಈಗ 2008. ನಾವು ಶಿಕಾಗೋ ಹತ್ತಿರದ ಒಂದು ಊರಿನಲ್ಲಿ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ವೀ ಅಮೆರಿಕದಲ್ಲಿ ಬಂದದ್ದು 2006ರ ನವೆಂಬರ್ 19ಕ್ಕೆ, ಬೆಲೆ 250 ಡಾಲರ್. ಅದೇ ವಾರ ಬಂದ ಸೋನಿಯ ಪ್ಲೇಸ್ಟೇಷನ್ 3ಕ್ಕೆ 500, ಇನ್ನೊಂದು ಮಾಡೆಲ್ಲಿಗೆ 600. ವೀ ಅಗ್ಗ ಏನೋ ಸರಿ, ಸಿಗಬೇಕಲ್ಲ. ಎರಡು ವರ್ಷ ಆಗುತ್ತಾ ಬಂದರೂ ಅಂಗಡಿಗೆ ಬಂದ ದಿನವೇ ಖಾಲಿ. ಭಾನುವಾರ ಬೆಳಗ್ಗೆ ಅಂಗಡಿ ತೆಗೆಯೋ ಮುಂಚೆ ಸಾಲು. ನಾನು ನಾಲ್ಕು ತಿಂಗಳ ಬಸುರಿ, ವಾಂತಿ ಬರೋ ಹಾಗಿದ್ದರೂ ಕಾರಿನಲ್ಲಿ ಕೂತಿದ್ದೆ, ನಮ್ಮನೆಯವರು ಸಾಲಿನಲ್ಲಿ ನಿಂತಿದ್ದರು. ಮೂರನೇ ಭಾನುವಾರ ಸಿಕ್ಕಿತು. ಮನೆಗೆ ತಂದು ನೋಡಿದರೆ ಇಷ್ಟೇ ಇಷ್ಟು. ಮೂರು ಡಿವಿಡಿ ಡಬ್ಬ ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟು. ಅದೂ ಬೇಕಂತಲೇ ಮಾಡಿದ್ದಂತೆ, ಮನೆಯ ಅಮ್ಮಂದಿರಿಗೆ ಟಿವಿ ಪಕ್ಕ ಕಣ್ಣು ಚುಚ್ಚಬಾರದು ಅಂತ.

ನವೆಂಬರಿನಲ್ಲಿ ಅಪ್ಪ ಅಮ್ಮ ಬಂದರು. ಅಮ್ಮ ಬಂದದ್ದು ಬಾಣಂತನಕ್ಕೆ. ಅಪ್ಪ ಬಂದದ್ದು ಅಮ್ಮ ಬಂದಳು ಅಂತ. ಅಲ್ಲಿ ಇದ್ದವರಿಗೆ ಇದು ಗೊತ್ತಿರೋ ಕಥೆ. ಅಮ್ಮಂದಿರಿಗೆ ಬಿಡುವಿಲ್ಲದಷ್ಟು ಕೆಲಸ, ಅಪ್ಪಂದಿರಿಗೆ ಆರು ತಿಂಗಳು ಮಾಡೋಕೆ ಏನೂ ಇಲ್ಲ. ಕಾರು ಓಡಿಸೋ ಹಾಗಿಲ್ಲ, ಪೇಪರ್ ಇಲ್ಲ, ಹೊರಗೆ ಮೊಣಕಾಲಿನವರೆಗೆ ಹಿಮ. ನಮ್ಮಪ್ಪ ಕೆಇಬಿಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು. ಜೀವನಪೂರ್ತಿ ಕಂಬ, ಲೈನು, ಟ್ರಾನ್ಸ್‌ಫಾರ್ಮರ್ ಅಂತ ಬಿಸಿಲಲ್ಲಿ ತಿರುಗಿದ ಮನುಷ್ಯ ಕಿಟಕಿ ಹತ್ತಿರ ನಿಂತು ಪಾರ್ಕಿಂಗ್‌ನಲ್ಲಿ ಎಷ್ಟು ಕಾರಿದೆ ಅಂತ ಎಣಿಸೋಕೆ ಶುರು ಮಾಡಿದರು. ನನಗೆ ಭಯ ಆಯಿತು.

ವೀ ಅವರಿಗೆ ಮೊದಲು ಇಷ್ಟ ಆದದ್ದು ಆಟದಿಂದಲ್ಲ, ಅಡಾಪ್ಟರಿನಿಂದ. ಹಿಂದುಗಡೆ ಕೈಹಾಕಿ ಅದನ್ನು ಎಳೆದು ಕನ್ನಡಕ ಏರಿಸಿ ಓದಿದರು. "12 ವೋಲ್ಟು, 3.7 ಆಂಪು. 44 ವ್ಯಾಟು. ಪರವಾಗಿಲ್ಲ, ಒಂದು ಟ್ಯೂಬ್‌ಲೈಟ್ ಅಷ್ಟೇ ತಿನ್ನೋದು." ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಆಮೇಲೆ ನಾನು ರಿಮೋಟನ್ನು ಕೈಗೆ ಕೊಟ್ಟೆ. "ಇದು ಟಿವಿ ರಿಮೋಟಲ್ವಾ" ಅಂದರು. ಹೌದು, ಗುಟ್ಟು ಇರೋದೇ ಅಲ್ಲಿ. ಬೇರೆ ಕನ್ಸೋಲಿನ ಕಂಟ್ರೋಲರ್ ಕೊಟ್ಟಿದ್ದರೆ ಎರಡು ಕೋಲು, ಹತ್ತು ಹದಿನೈದು ಬಟನ್ ನೋಡಿ "ನೀವೇ ಆಡಿ ಮಕ್ಕಳೇ" ಅಂತ ವಾಪಸ್ ಕೊಟ್ಟುಬಿಡುತ್ತಿದ್ದರು. ರಿಮೋಟಿಗೆ ಯಾರು ಹೆದರುತ್ತಾರೆ? ಅದನ್ನು ರಿಮೋಟ್ ಅಂತಲೇ ಕರೆಯಬೇಕು ಅಂತ ಪಟ್ಟು ಹಿಡಿದವರು ಇವಾಟಾ ಅಂತ ಎಲ್ಲೋ ಓದಿದ್ದೆ. ಆ ಮನುಷ್ಯ ಮೊದಲು ಪ್ರೋಗ್ರಾಮರ್, ಆಮೇಲೆ ಅಧ್ಯಕ್ಷ. 2015ರಲ್ಲಿ 55ನೇ ವಯಸ್ಸಿಗೇ ತೀರಿಕೊಂಡರು. ಆ ಸುದ್ದಿ ಓದಿದ ದಿನ ನಾನು ಆಫೀಸಿನಲ್ಲಿ ಒಂದು ಗಂಟೆ ಸುಮ್ನೆ ಕೂತಿದ್ದೆ. ಮುಖ ನೋಡದ ಜಪಾನಿನ ಒಬ್ಬರಿಗೆ ಯಾಕೆ ಅಷ್ಟು ಬೇಜಾರು ಅಂದರೆ ಏನು ಹೇಳಲಿ, ನಮ್ಮಪ್ಪ ಕಾರು ಎಣಿಸೋದನ್ನು ನಿಲ್ಲಿಸಿದವರು ಅವರು.

ವೀ ಸ್ಪೋರ್ಟ್ಸ್ ಅಮೆರಿಕದಲ್ಲಿ ಡಬ್ಬದ ಜೊತೆಗೇ ಬರುತ್ತಿತ್ತು. ಐದು ಆಟ: ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಕ್ರಿಕೆಟ್ ಇಲ್ಲ. ಅಪ್ಪ ಮೊದಲು ಕೇಳಿದ್ದೇ ಅದು. ಇಲ್ಲ ಅಂದ ಮೇಲೆ ಬೇಸ್‌ಬಾಲ್ ಹಾಕಿ ಅಂದರು, ಬ್ಯಾಟಾದರೂ ಇದೆಯಲ್ಲ. ನಮ್ಮಪ್ಪ ಜಿ.ಆರ್. ವಿಶ್ವನಾಥ್ ಭಕ್ತರು. ಭದ್ರಾವತಿ ಹುಡುಗ ವಿಶಿ ಹೊಡೆಯುತ್ತಿದ್ದ ಸ್ಕ್ವೇರ್ ಕಟ್ ಬಗ್ಗೆ ಇವತ್ತು ಕೇಳಿದರೂ ಅರ್ಧ ಗಂಟೆ ಮಾತಾಡುತ್ತಾರೆ. ಲುಂಗಿ ಎತ್ತಿ ಕಟ್ಟಿ, ಸ್ವೆಟರ್ ಮೇಲೆ ಮಫ್ಲರ್, ಶಿಕಾಗೋ ಚಳಿಯಲ್ಲಿ ಆ ಮನುಷ್ಯ ಮುಂಗಾಲಿನ ಮೇಲೆ ಕೂತ ಹಾಗೆ ಬಗ್ಗಿ, ಬೇಸ್‌ಬಾಲ್ ಚೆಂಡಿಗೆ ಒಂದು ಸ್ಕ್ವೇರ್ ಕಟ್ ಹೊಡೆದರು. ಟಿವಿಯಲ್ಲಿದ್ದ ಗೊಂಬೆ ಅದರ ಪಾಡಿಗೆ ಬೇಸ್‌ಬಾಲಿನ ಹಾಗೆಯೇ ಬೀಸಿತು. ಚೆಂಡು ಗ್ಯಾಲರಿಗೆ. ಹೋಂ ರನ್. ಅಪ್ಪ ಟಿವಿ ಕಡೆ ನೋಡಲೂ ಇಲ್ಲ, ನಮ್ಮ ಕಡೆ ತಿರುಗಿ, "ಕೈ ನೋಡಿದ್ರಾ, ಕೈ?" ಅಂದರು.

ಅಲ್ಲಿಗೆ ಮುಗಿಯಿತು. ಆಮೇಲೆ ದಿನಾ ಸಂಜೆ ಆಟ.

ಬೌಲಿಂಗ್ ನಮ್ಮನೆಯ ನಿಜವಾದ ಆಟ ಆಯಿತು. ಕ್ರಿಕೆಟಿನದಲ್ಲ, ಚೆಂಡು ಉರುಳಿಸಿ ಹತ್ತು ಪಿನ್ನು ಬೀಳಿಸೋದು. ಹೇಗೆಂದರೆ, ರಿಮೋಟಿನ ಹಿಂದೆ ಬಿ ಅಂತ ಒಂದು ಬಟನ್ ಇದೆ, ಅದನ್ನು ಒತ್ತಿ ಹಿಡಿದು ಕೈ ಹಿಂದಕ್ಕೆ ತೆಗೆದು ಮುಂದೆ ಬೀಸಿ ಬೆರಳು ಬಿಟ್ಟರೆ ಚೆಂಡು ಉರುಳುತ್ತದೆ, ಮಣಿಕಟ್ಟು ಸ್ವಲ್ಪ ತಿರುಗಿಸಿದರೆ ಚೆಂಡೂ ತಿರುಗುತ್ತದೆ. ಅಮ್ಮ ಮೊದಲ ಸಲ ಕೈ ಹಿಂದೆ ಹೋದಾಗಲೇ ಬೆರಳು ಬಿಟ್ಟಳು. ಚೆಂಡು ಹಿಂದೆ ಹಾರಿ, ಟಿವಿಯೊಳಗೆ ನಿಂತಿದ್ದ ಜನ ಎಲ್ಲ ಬೆಚ್ಚಿ ಮೇಲಕ್ಕೆ ಹಾರಿದರು. ಅಮ್ಮ ನಿಜವಾಗಿ ಹಿಂದೆ ತಿರುಗಿ, "ಅಯ್ಯೋ ಯಾರಿಗೆ ಬಿತ್ತೋ" ಅಂದಳು. ಅಳಿಯನ ಮುಂದೆ ಯಾವತ್ತೂ ಜೋರಾಗಿ ನಗದ ನಮ್ಮಮ್ಮ ಅವತ್ತು ಸೆರಗು ಬಾಯಿಗೆ ಹಿಡಿದು ನಕ್ಕಳು.

ಅಪ್ಪನದು ದೊಡ್ಡ ಶಾಸ್ತ್ರ. ನಿಂತು, ಉಸಿರು ಎಳೆದು, ನಾಲ್ಕು ಹೆಜ್ಜೆ ಲೆಕ್ಕ ಹಾಕಿ, ಒಂದು ಮೊಣಕಾಲು ಬಗ್ಗಿಸಿ ಎಸೆಯುತ್ತಿದ್ದರು. ಎಂಟು ಪಿನ್ನು. ಅಮ್ಮ ಅಡುಗೆಮನೆಯಿಂದ ಬರುತ್ತಿದ್ದಳು, ಒಲೆ ಮೇಲೆ ನನಗೆ ಮೆಣಸಿನ ಸಾರು ಕುದಿಯುತ್ತಿರುತ್ತಿತ್ತು, ಕೈ ಸೀರೆಗೆ ಒರೆಸಿಕೊಂಡು ನಿಂತಲ್ಲೇ ಒಂದು ಬೀಸು, ಹತ್ತಕ್ಕೆ ಹತ್ತೂ ಬಿದ್ದು ಸ್ಟ್ರೈಕು, ಒಗ್ಗರಣೆಗೆ ವಾಪಸ್. "ರೀ, ಸೊಂಟ ಹುಷಾರು" ಅಂತ ಒಳಗಿನಿಂದ ಒಂದು ಮಾತು. ಅಪ್ಪನಿಗೆ ಇದು ಸಹಿಸೋಕೆ ಆಗುತ್ತಿರಲಿಲ್ಲ. ಆ ಹೊತ್ತಿನ ಅಪ್ಪನ ಮುಖ ನೋಡೋಕೆ ನಾನು ಮಗುವಿಗೆ ಹಾಲು ಕುಡಿಸೋದನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿದ್ದೂ ಇದೆ. ಮಗನಿಗೆ ಇದನ್ನು ಹೇಳಿಲ್ಲ.

ನೋಡಿ, ಬೌಲಿಂಗ್ ಕೂಡ ಸರದಿ ಆಟವೇ. ನಮ್ಮಣ್ಣನ ಮಾರಿಯೋ ಹಾಗೆಯೇ ಕಾಯಬೇಕು. ಆದರೆ ಇಲ್ಲಿ ಕಾಯೋದು ಬೇಜಾರಾಗಲಿಲ್ಲ, ಯಾಕೆಂದರೆ ಬೇರೆಯವರ ಸರದಿಯೇ ತಮಾಷೆ. ಒಬ್ಬ ಮನುಷ್ಯ ಹೇಗೆ ನಿಲ್ಲುತ್ತಾನೆ, ಎಷ್ಟು ಜೋರು ಮಾಡುತ್ತಾನೆ, ಬಿದ್ದಾಗ ಏನು ಮುಖ ಮಾಡುತ್ತಾನೆ, ಎಲ್ಲ ಮೈಯಲ್ಲಿ ಕಾಣುತ್ತದೆ. ಹೆಬ್ಬೆರಳಲ್ಲಿ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ. ವಾರಾಂತ್ಯಕ್ಕೆ ನಮ್ಮ ಕನ್ನಡದ ಸ್ನೇಹಿತರು ನಾಲ್ಕು ಮನೆಯವರು ಸೇರಿದರೆ, ಎಲ್ಲರ ಮನೆಯಲ್ಲೂ ಊರಿಂದ ಬಂದ ಒಂದು ಜೊತೆ ಅಪ್ಪ ಅಮ್ಮ ಇರುತ್ತಿದ್ದರಲ್ಲ, ಹಾಸನದವರು, ಶಿವಮೊಗ್ಗದವರು, ದಾವಣಗೆರೆಯವರು, ಒಬ್ಬರಿಗೊಬ್ಬರು ಮಾತಾಡೋಕೆ ಮೊದಮೊದಲು ಸಂಕೋಚ, ಒಂದು ಸುತ್ತು ಬೌಲಿಂಗ್ ಆಗುತ್ತಿದ್ದ ಹಾಗೆ "ಏನ್ರೀ ರಾಯರೇ, ಕೈ ನೋವಾ" ಅಂತ ಕಾಲೆಳೆಯೋ ಮಟ್ಟಕ್ಕೆ ಬರುತ್ತಿದ್ದರು.

ಮೀ ಬಗ್ಗೆ ಹೇಳಲೇಬೇಕು. ವೀಯಲ್ಲಿ ನಮ್ಮ ಮುಖದ ಗೊಂಬೆ ಮಾಡಿಕೊಳ್ಳಬಹುದು, ಅದಕ್ಕೆ ಮೀ ಅಂತ ಹೆಸರು. ದುಂಡು ತಲೆ, ಚುಕ್ಕಿ ಕಣ್ಣು, ಬೇಕಾದ ಮೂಗು ಮೀಸೆ ಅಂಟಿಸಿಕೊಳ್ಳೋದು. ಅಪ್ಪನದು ಸುಲಭ ಆಯಿತು, ಬೋಳು ತಲೆ, ಕನ್ನಡಕ, ಬಿಳಿ ಮೀಸೆ, ಐದು ನಿಮಿಷದಲ್ಲಿ ತದ್ರೂಪ. ಅಮ್ಮನದು ಎಷ್ಟು ಮಾಡಿದರೂ ಅಮ್ಮನ ಹಾಗೆ ಕಾಣಲಿಲ್ಲ. ಏನೋ ಕಮ್ಮಿ. ಆಮೇಲೆ ಹೊಳೆಯಿತು, ಹಣೆ ಖಾಲಿ. ಕುಂಕುಮ ಇಡೋಕೆ ಅದರಲ್ಲಿ ಎಲ್ಲಿದೆ? ಆದರೆ ಮಚ್ಚೆ ಇತ್ತು. ಮುಖದ ಮೇಲೆ ಒಂದು ಮಚ್ಚೆ ಇಟ್ಟು ಅದನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು, ದೊಡ್ಡದೂ ಮಾಡಬಹುದು. ನಮ್ಮನೆಯವರು ಅದನ್ನು ನಿಧಾನಕ್ಕೆ ಮೇಲೇರಿಸಿ ಎರಡು ಹುಬ್ಬಿನ ನಡುವೆ ತಂದು ಗಾತ್ರ ಹೆಚ್ಚಿಸಿದರು. ಅಮ್ಮ ಅಮ್ಮ ಆದಳು! ಅವಳಿಗೆ ಮಾತ್ರ ಪೂರ್ತಿ ಸಮಾಧಾನ ಆಗಲಿಲ್ಲ. "ಕಪ್ಪು ಬೊಟ್ಟು ಯಾಕಪ್ಪಾ, ಕೆಂಪು ಸಿಗಲಿಲ್ವಾ?" ಸಿಗಲಿಲ್ಲ. ಕ್ಯೋಟೋದಲ್ಲಿ ಕೂತವರಿಗೆ ಅಷ್ಟು ಹೊಳೆಯಲಿಲ್ಲ. 1889ರಿಂದ ಇರೋ ಕಂಪನಿ, ಶುರುವಿನಲ್ಲಿ ಇಸ್ಪೀಟಿನ ತರಹದ ಹೂವಿನ ಕಾರ್ಡು ಮಾಡುತ್ತಿದ್ದವರು, ಒಂದು ಕೆಂಪು ಚುಕ್ಕಿ ಇಡಬಹುದಿತ್ತು.

ರಿಮೋಟಿನ ಮೇಲೆ ಹಾಕೋ ರಬ್ಬರ್ ಕವರ್ ಮಾತ್ರ ಅಮ್ಮನಿಗೆ ಬಹಳ ಇಷ್ಟವಾಯಿತು. ಜನ ಜೋರಾಗಿ ಬೀಸಿ, ಕೈಜಾರಿ, ಟಿವಿಗೇ ಎಸೆದುಕೊಂಡು ಗಾಜು ಒಡೆದುಕೊಂಡ ಕಥೆ ಬಹಳ ಇತ್ತು, ಅದಕ್ಕೆ ನಿಂಟೆಂಡೊ ಮೊದಲು ಕೈಗೆ ಕಟ್ಟೋ ದಾರವನ್ನು ದಪ್ಪ ಮಾಡಿಕೊಟ್ಟಿತು, ಆಮೇಲೆ 2007ರ ಅಕ್ಟೋಬರಿನಿಂದ ಈ ಕವರನ್ನು ಪುಕ್ಕಟೆ ಕೊಟ್ಟಿತು. ನಮ್ಮ ಮೈಸೂರು ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿರುತ್ತಾಳೆ ಅಮ್ಮ. "ಇವರಿಗೂ ಗೊತ್ತು ನೋಡು" ಅಂದಳು.

ಅಪ್ಪನಿಗೆ ಒಂದು ದಿನ ದೊಡ್ಡ ಆಘಾತ ಆಯಿತು. ಟೆನಿಸ್ ಆಡುತ್ತಿದ್ದರು, ಬೆವರು ಸುರಿಯುತ್ತಿತ್ತು. ನಮ್ಮನೆಯವರು ಪಕ್ಕದಲ್ಲಿ ಸೋಫಾ ಮೇಲೆ ಒರಗಿಕೊಂಡು, ಸೊಳ್ಳೆ ಓಡಿಸೋ ಹಾಗೆ ಮಣಿಕಟ್ಟು ಅಲ್ಲಾಡಿಸುತ್ತಾ ಅಪ್ಪನನ್ನು ಸೋಲಿಸಿಬಿಟ್ಟರು. "ಅಳಿಯಂದಿರೇ, ಎದ್ದು ನಿಂತು ಆಡಿ" ಅಂದರು ಅಪ್ಪ. "ಬೇಕಾಗಿಲ್ಲ ಮಾವ, ಇದಕ್ಕೆ ಇಷ್ಟೇ ಸಾಕು." ವಿಷಯ ನಿಜ. ರಿಮೋಟಿನ ಒಳಗೆ ಇರೋದು ಅಕ್ಸೆಲರೋಮೀಟರ್ ಅನ್ನೋ ಒಂದು ಚಿಪ್ಪು. ರಿಮೋಟ್ ಎಷ್ಟು ವಾಲಿದೆ, ಎಷ್ಟು ಜೋರಾಗಿ ಜಗ್ಗಿತು ಅಂತ ಅದಕ್ಕೆ ಗೊತ್ತಾಗುತ್ತದೆ. ನೀವು ತೋಳು ಪೂರ್ತಿ ಬೀಸಿದಿರೋ ಬರೀ ಮಣಿಕಟ್ಟು ಕೊಡವಿದಿರೋ ಗೊತ್ತಾಗಲ್ಲ. ಅಂದರೆ ವಿಶಿಯ ಸ್ಕ್ವೇರ್ ಕಟ್ ಅದಕ್ಕೆ ತಿಳಿದೇ ಇರಲಿಲ್ಲ. ಸರಿಯಾದ ಹೊತ್ತಿಗೆ ಜೋರಾಗಿ ಕೊಡವಿದ್ದರೆ ಯಾರಿಗಾದರೂ ಹೋಂ ರನ್ ಆಗುತ್ತಿತ್ತು. ಇದನ್ನು ಅಪ್ಪನಿಗೆ ಹೇಳಬಾರದಿತ್ತು, ನಮ್ಮನೆಯವರು ಹೇಳಿಬಿಟ್ಟರು. ಅಪ್ಪ ಎರಡು ದಿನ ಆಡಲಿಲ್ಲ. ಮೂರನೇ ದಿನ ತಾವೇ ರಿಮೋಟ್ ಎತ್ತಿಕೊಂಡು, "ಅದಕ್ಕೆ ಗೊತ್ತಾಗದಿದ್ದರೆ ಬಿಡು, ನೋಡೋ ನಿಮಗೆ ಗೊತ್ತಾಗುತ್ತಲ್ಲ" ಅಂತ ಮತ್ತೆ ಲುಂಗಿ ಎತ್ತಿ ಕಟ್ಟಿದರು. ನನ್ನ ಈ ಇಡೀ ವಾದವನ್ನು ಅಪ್ಪ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದರು, ನನಗೆ ಅರ್ಥ ಆಗೋಕೆ ಇಷ್ಟು ವರ್ಷ ಬೇಕಾಯಿತು.

2009ರ ಜೂನಿನಲ್ಲಿ ಮೋಷನ್ ಪ್ಲಸ್ ಅಂತ ಒಂದು ತುಂಡು ಬಂತು, ರಿಮೋಟಿನ ಬಾಲಕ್ಕೆ ಸಿಕ್ಕಿಸೋದು, ಅದರಲ್ಲಿ ಜೈರೋಸ್ಕೋಪ್ ಇತ್ತು. ಕೈ ತಿರುಗಿದ ಹಾಗೆ ಟಿವಿಯೊಳಗಿನ ಕತ್ತಿಯೂ ತಿರುಗೋದು. ಅಷ್ಟೊತ್ತಿಗೆ ಅಪ್ಪ ಮೈಸೂರಿಗೆ ಹೋಗಿಯಾಗಿತ್ತು. ಅದು ಹೆಚ್ಚು ಸರಿಯಾಗಿತ್ತು, ಒಪ್ಪುತ್ತೇನೆ. ಮಜಾ ಹೆಚ್ಚಾಯಿತಾ? ನನಗೇನೂ ಅನ್ನಿಸಲಿಲ್ಲ.

ವೀ ಫಿಟ್ ಕೂಡ ತಂದಿದ್ದೆವು, ಬಿಳಿ ಹಲಗೆ ಸಮೇತ. ಬಾಣಂತನದ ತೂಕ ಇಳಿಸೋಕೆ ಅಂತ ನೆಪ. ಹಲಗೆ ಮೇಲೆ ನಿಂತರೆ ತೂಕ ಹೇಳಿ, ನಿಮ್ಮ ಮೀ ಗೊಂಬೆಯ ಹೊಟ್ಟೆಯನ್ನು ಎಲ್ಲರ ಮುಂದೆ ಊದಿಸಿ ತೋರಿಸುತ್ತದೆ. ಬಾಣಂತಿಗೆ ಹಾಗೆ ಮಾಡಬಾರದು. ಅಮ್ಮ ಅಂಟಿನುಂಡೆ ಕೊಡೋದು, ಇದು ಹೊಟ್ಟೆ ತೋರಿಸೋದು, ನಡುವೆ ನಾನು. ಅದರಲ್ಲಿ ಯೋಗ ಇತ್ತು, ಸೂರ್ಯ ನಮಸ್ಕಾರ, ವೃಕ್ಷಾಸನ, ತ್ರಿಕೋಣಾಸನ. ಮೈಸೂರಿನಿಂದ ಬಂದವರಿಗೆ ಟಿವಿಯೊಳಗಿನ ಬೂದು ಬಣ್ಣದ ಗೊಂಬೆ ವೃಕ್ಷಾಸನ ಹೇಳಿಕೊಡೋದು. ಅಪ್ಪ ಕಂಬದ ಹಾಗೆ ನಿಂತಿದ್ದರೂ ಟಿವಿಯಲ್ಲಿ ಸಮತೋಲ ತೋರಿಸೋ ಕೆಂಪು ಚುಕ್ಕಿ ಅಲ್ಲಾಡುತ್ತಿತ್ತು. "ಹಲಗೆ ಲೆವೆಲ್ ಇಲ್ಲ" ಅಂತ ತೀರ್ಪು ಕೊಟ್ಟು ಇಳಿದರು, ಮತ್ತೆ ಹತ್ತಲಿಲ್ಲ. ಎರಡು ತಿಂಗಳಲ್ಲಿ ಆ ಹಲಗೆ ಮಂಚದ ಕೆಳಗೆ ಸೇರಿತು.

ಅಭಿಮಾನಿ ಅಂತ ಕಣ್ಣು ಮುಚ್ಚಿಕೊಂಡು ಹೊಗಳೋಳಲ್ಲ ನಾನು. ತಪ್ಪು ಬಹಳ ಇತ್ತು. ಚಿತ್ರ 480ಪಿ ಮಾತ್ರ. ಹೊಸದಾಗಿ ತಂದ ಎಲ್‌ಸಿಡಿ ಟಿವಿಯಲ್ಲಿ ಕನ್ನಡಕ ಮರೆತು ಬಂದ ಹಾಗೆ ಕಾಣುತ್ತಿತ್ತು, ಆಗ ಮಿಕ್ಕ ಎರಡು ಕಂಪನಿಯವರು, ಸೋನಿ ಮತ್ತು ಮೈಕ್ರೋಸಾಫ್ಟ್, ಎಚ್‌ಡಿ ಕೊಡುತ್ತಿದ್ದರು. ಬೌಲಿಂಗ್ ಆಟಕ್ಕೆ ಅದು ಲೆಕ್ಕಕ್ಕಿಲ್ಲ, ಆದರೆ ಸೂಪರ್ ಮಾರಿಯೋ ಗ್ಯಾಲಕ್ಸಿಯಂಥ ಚಂದದ ಆಟವನ್ನು ಮಬ್ಬಾಗಿ ನೋಡಬೇಕಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ರಿಮೋಟು ಬ್ಯಾಟರಿ ತಿನ್ನುತ್ತಿತ್ತು. ಆನ್‌ಲೈನ್ ಅಂತೂ ದೇವರೇ ಗತಿ. ಬೆಂಗಳೂರಿನಲ್ಲಿದ್ದ ಅಣ್ಣನೂ ಒಂದು ವೀ ತಗೊಂಡಿದ್ದ, ಇಬ್ಬರೂ ಮಾರಿಯೋ ಕಾರ್ಟ್ ಆಡೋಣ ಅಂದರೆ 12 ಅಂಕಿಯ ನಂಬರನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು, ಒಂದು ಅಂಕಿ ತಪ್ಪಿ, ಮತ್ತೆ ಐಎಸ್‌ಡಿ ಮಾಡಿ. ಕೂಡಿಬಂದಾಗ ಚೆನ್ನಾಗಿರುತ್ತಿತ್ತು, ಅಣ್ಣನನ್ನು ಮೊದಲ ಸಲ ಸೋಲಿಸಿದ್ದು ಅದರಲ್ಲೇ, ಆದರೆ 2014ರ ಮೇ ತಿಂಗಳಲ್ಲಿ ಆ ಸೇವೆಯೂ ನಿಂತಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ಆಟ ಮಾಡುವವರದು. ವೀ ಓಡುತ್ತಿದೆ ಅಂತ ಗೊತ್ತಾದ ಮೇಲೆ ಸಿಕ್ಕಸಿಕ್ಕವರೆಲ್ಲ ಬಟನ್ ಒತ್ತಬೇಕಾದ ಕಡೆಯೆಲ್ಲ "ರಿಮೋಟ್ ಅಲ್ಲಾಡಿಸಿ" ಅಂತ ಹಾಕಿ ಸೀಡಿ ಮಾರಿದರು. ಬಾಗಿಲು ತೆಗೆಯೋಕೆ ಅಲ್ಲಾಡಿಸು, ಹಣ್ಣು ಕೀಳೋಕೆ ಅಲ್ಲಾಡಿಸು. ಮಜ್ಜಿಗೆ ಕಡೆದ ಹಾಗೆ. ಅದರಿಂದಲೇ ವೀ ಅಂದರೆ ಆಟಿಕೆ ಅನ್ನೋ ಮಾತು ಬಂದದ್ದು. ಹೀಗೆ ಹೇಳುವವರ ಮೇಲೆ ನನಗೆ ಕೋಪ ಇಲ್ಲ. 10 ಕೋಟಿಗೂ ಜಾಸ್ತಿ ವೀ ಮಾರಾಟ ಆಗಿದೆ, ವೀ ಸ್ಪೋರ್ಟ್ಸ್ ಒಂದೇ 8 ಕೋಟಿ ಮನೆ ದಾಟಿದೆ. ಎಷ್ಟೋ ಮನೆಯಲ್ಲಿ ಅದು ಆರು ತಿಂಗಳು ಆಡಿ ಧೂಳು ಹಿಡಿದಿದೆ, ಅದೂ ನಿಜ. ನಮ್ಮ ಮನೆಯಲ್ಲೂ ಧೂಳು ಹಿಡಿದಿತ್ತಲ್ಲ, ಇಲ್ಲದಿದ್ದರೆ ನಾನು ಯಾಕೆ ಒರೆಸುತ್ತಿದ್ದೆ. ಆಮೇಲೆ 2012ರಲ್ಲಿ ವೀ ಯು ಅಂತ ಬಂತು, ಅದು ಹೊಸ ಯಂತ್ರವೋ ಹಳೇದಕ್ಕೆ ಸಿಕ್ಕಿಸೋದೋ ಅಂತ ಅರ್ಧ ಜನಕ್ಕೆ ತಿಳಿಯಲಿಲ್ಲ, 1 ಕೋಟಿ 35 ಲಕ್ಷದ ಆಸುಪಾಸಿಗೆ ನಿಂತುಹೋಯಿತು. ಅದರ ಕಂಟ್ರೋಲರಿನಲ್ಲೇ ಒಂದು ಪರದೆ ಇತ್ತು. ಪರದೆ ಆಡುವವರ ಕೈಗೆ ಬಂದ ಕೂಡಲೆ ಅವರು ತಲೆ ತಗ್ಗಿಸಿದರು.

ಇದೇ ನನ್ನ ಮಗನ ಸ್ವಿಚ್ ಬಗ್ಗೆ ನನಗಿರೋ ತಕರಾರು. 2017ರಲ್ಲಿ ಬಂದ ಆ ಯಂತ್ರ ವೀಗಿಂತ ಎಲ್ಲ ರೀತಿಯಲ್ಲೂ ಒಳ್ಳೆಯದು. 15 ಕೋಟಿ ದಾಟಿ ಮಾರಾಟ ಆಗಿದೆ. ಅದರಲ್ಲೂ ಬೌಲಿಂಗ್ ಇದೆ ಅಂತ ಮಗ ವಾದ ಮಾಡುತ್ತಾನೆ, 2022ರಲ್ಲಿ ಬಂದ ಸ್ವಿಚ್ ಸ್ಪೋರ್ಟ್ಸ್ ತೋರಿಸುತ್ತಾನೆ. ಇದೆ, ಸರಿ. ಆದರೆ ಅವನು ಆಡೋದು ಎಲ್ಲಿ? ಮಂಚದ ಮೇಲೆ, ಬಸ್ಸಿನಲ್ಲಿ, ಮದುವೆ ಮನೆಯ ಮೂಲೆಯಲ್ಲಿ. ಕೈಲಿ ಹಿಡಿದು ಎಲ್ಲಿಗಾದರೂ ಒಯ್ಯಬಹುದು ಅನ್ನೋದೇ ಅದರ ಹೆಚ್ಚುಗಾರಿಕೆ, ಒಯ್ದ ಮೇಲೆ ಬಾಗಿಲು ಹಾಕಿಕೊಳ್ಳಬಹುದು ಅನ್ನೋದೂ ಅದರಲ್ಲೇ ಸೇರಿದೆ. ವೀಗೆ ಕಾಲಿರಲಿಲ್ಲ. ಹಾಲ್‌ನಲ್ಲಿ ಟಿವಿ ಕೆಳಗೆ ಬಿದ್ದಿರುತ್ತಿತ್ತು, ಆಡಬೇಕು ಅಂದರೆ ನೀವೇ ಅಲ್ಲಿಗೆ ಬರಬೇಕು, ಬಂದರೆ ಅಲ್ಲಿ ಅಮ್ಮ ಹುರುಳಿಕಾಯಿ ಸೋಸುತ್ತಾ ಕೂತಿರುತ್ತಾಳೆ.

2012ರಲ್ಲಿ ನಾವು ಬೆಂಗಳೂರಿಗೆ ವಾಪಸ್ ಬಂದೆವು. ಡಬ್ಬ ಬಿಚ್ಚಿದ ದಿನವೇ ವೀಯನ್ನು ಸುಟ್ಟುಬಿಡುತ್ತಿದ್ದೆ, ಸ್ವಲ್ಪದರಲ್ಲಿ ತಪ್ಪಿತು. ಅಡಾಪ್ಟರ್ ಸಾಕೆಟ್ಟಿಗೆ ಹಾಕೋ ಹೊತ್ತಿಗೆ ಅಪ್ಪನ ಫೋನು, ಯಾವುದೋ ಬೇರೆ ವಿಷಯಕ್ಕೆ. ಮಾತಿನ ಮಧ್ಯೆ ಹೇಳಿದೆ. "ಮುಟ್ಟಬೇಡ! ಅದರ ಮೇಲೆ ಇನ್‌ಪುಟ್ 120 ಅಂತ ಬರೆದಿದೆ, ನಾನು ಓದಿದ್ದೀನಿ. ನಮ್ಮದು 230." ನಾಲ್ಕು ವರ್ಷದ ಹಿಂದೆ ಓದಿದ್ದು! ಎಸ್.ಪಿ. ರೋಡಿಗೆ ಹೋಗಿ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಂದೆವು, ಇಟ್ಟಿಗೆಯಷ್ಟು ಭಾರ. ಇಲ್ಲಿ ಸಿಗೋ ಸೀಡಿಗಳು ಅಮೆರಿಕದ ವೀಯಲ್ಲಿ ಓಡಲ್ಲ, ದೇಶಕ್ಕೊಂದು ಬೀಗ ಹಾಕಿದ್ದಾರೆ. ಹಾಗಾಗಿ ನಮ್ಮ ಹತ್ತಿರ ಇರೋದು ಅಲ್ಲಿಂದ ತಂದ ಏಳೇ ಆಟ. ಸಾಕು.

ಮಗನ ಜೊತೆ ಬಾಯಿ ಮಾತಿನಲ್ಲಿ ಗೆಲ್ಲೋಕೆ ಆಗಲ್ಲ ಅಂತ ಈ ಸಲ ದೀಪಾವಳಿಗೆ ಮೈಸೂರಿಗೆ ಹೊರಟಾಗ ವೀಯನ್ನೂ ಇಟ್ಟಿಗೆ ಟ್ರಾನ್ಸ್‌ಫಾರ್ಮರನ್ನೂ ಬ್ಯಾಗಿಗೆ ತುರುಕಿದೆ. ಅಪ್ಪನ ಮನೆಯಲ್ಲಿ ಇನ್ನೂ ಹಳೇ ಟಿವಿ ಇದೆ, ಕೆಂಪು, ಬಿಳಿ, ಹಳದಿ ಪಿನ್ನು ಚುಚ್ಚೋ ತೂತು ಇರೋದು. ಎಲ್ಲ ಜೋಡಿಸಿದ ಮೇಲೆ ನೋಡಿದರೆ ಸೆನ್ಸರ್ ಬಾರ್ ವೈರು ತುಂಡಾಗಿತ್ತು, ಇಲಿ ಕಡಿದ ಹಾಗೆ. ಟಿವಿ ಮೇಲೆ ಇಡೋ ಉದ್ದನೆ ಪಟ್ಟಿ ಅದು. ಅದಿಲ್ಲದಿದ್ದರೆ ಮೆನುವಿನಲ್ಲಿ ಆಟ ಆರಿಸೋ ಕೈಗುರುತು, ಕೈ ಆಕಾರದ ಚಿತ್ರ, ಓಡಾಡಲ್ಲ, ಆಟ ಶುರು ಮಾಡೋಕೇ ಆಗಲ್ಲ. ಮಗನಿಗೆ ನಗು.

ಆದರೆ ಆ ಪಟ್ಟಿ ಹೆಸರಿಗೆ ಮಾತ್ರ ಸೆನ್ಸರ್. ಅದು ಏನನ್ನೂ ಗ್ರಹಿಸಲ್ಲ, ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಉರಿಯುತ್ತವೆ, ಅಷ್ಟೇ. ನೋಡೋ ಕ್ಯಾಮೆರಾ ಇರೋದು ರಿಮೋಟಿನ ಮೂತಿಯಲ್ಲಿ. ಎರಡು ಬೆಳಕಿನ ಚುಕ್ಕಿ ಕಂಡರೆ ಅದಕ್ಕೆ ಸಾಕು, ಮೇಣದಬತ್ತಿಯೂ ಆಗುತ್ತದೆ ಅಂತ ಓದಿದ್ದೆ. ಮನೆ ತುಂಬ ಹಣತೆ ಇತ್ತು. ಅಮ್ಮನ ಹತ್ತಿರ ಎರಡು ಕೇಳಿದೆ. "ಟಿವಿಗೆ ದೀಪ ಹಚ್ತೀಯಾ?" ಅಂತ ಬೈದುಕೊಂಡೇ ಎಣ್ಣೆ ಹಾಕಿ ಬತ್ತಿ ಸರಿಮಾಡಿ ಕೊಟ್ಟಳು. ಟಿವಿ ಮುಂದೆ ಒಂದು ಗೇಣು ದೂರ ಬಿಟ್ಟು ಎರಡನ್ನೂ ಇಟ್ಟೆ. ಕೈಗುರುತು ಬಂತು! ಮಗ ಸ್ವಿಚ್ ಪಕ್ಕಕ್ಕಿಟ್ಟು ಎದ್ದು ಬಂದ.

ಮೀಗಳೆಲ್ಲ ಹಾಗೇ ಇದ್ದರು. ಬೋಳು ತಲೆ ಅಪ್ಪ, ಕಪ್ಪು ಬೊಟ್ಟಿನ ಅಮ್ಮ, ನಾನು, ನಮ್ಮನೆಯವರು, ದಾವಣಗೆರೆಯ ರಾಯರು ಕೂಡ. ಅಪ್ಪನ ಹೆಸರಿನ ಪಕ್ಕ ಇನ್ನೂ ಪ್ರೊ ಅಂತ ಇತ್ತು, 1000 ಪಾಯಿಂಟ್ ದಾಟಿದವರಿಗೆ ಕೊಡೋದು. ಅವರಿಗೀಗ 79. ರಿಮೋಟ್ ಹಿಡಿದು ಬೌಲಿಂಗ್ ಕಡೆ ತೋರಿಸಿದರು. ಟಿವಿಯೊಳಗಿನ ಕೈ ಗಡಗಡ ನಡುಗುತ್ತಿತ್ತು, ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ನಡುಗ್ತಿರೋದು ಅದರ ಕೈಯೋ ನನ್ನ ಕೈಯೋ?"

"ಅದರದ್ದು ತಾತ" ಅಂದ ಮಗ ತಕ್ಷಣ. "ಗಾಳಿಗೆ ದೀಪ ಅಲ್ಲಾಡ್ತಿದೆ, ಅದಕ್ಕೆ." ಹೋಗಿ ಕಿಟಕಿ ಹಾಕಿ ಬಂದ. ಆಮೇಲೂ ಸ್ವಲ್ಪ ನಡುಗುತ್ತಲೇ ಇತ್ತು. ಅವನು ಹೋಗಿ ಹಣತೆಗಳ ಎರಡೂ ಕಡೆ ಅಂಗೈ ಅಡ್ಡ ಹಿಡಿದು ಕೂತ, ಟಿವಿಗೆ ಬೆನ್ನು ಹಾಕಿ, ತಾತನ ಕಡೆ ಮುಖ ಮಾಡಿಕೊಂಡು. ಅಪ್ಪ ಲುಂಗಿ ಎತ್ತಿ ಕಟ್ಟಿದರು.

"ರೀ, ಸೊಂಟ" ಅಂತ ಅಡುಗೆಮನೆಯಿಂದ ಬಂತು.